ಎರಡು ಕೇಬಲ್, ಒಂದು ಡಿಸ್ಕ್: ಮಲ್ಟಿಪಾತ್‌ನಲ್ಲಿ ಅದಕ್ಕೆ ಬಿಡಬೇಕಾದದ್ದು, ನಾವು ಬರೆಯಬೇಕಾದದ್ದು

ಆಫೀಸಿನ ಎರಡು ಲಿನಕ್ಸ್ ಸರ್ವರ್‌ಗಳನ್ನು ಹೊಸ ಸ್ಟೋರೇಜ್‌ಗೆ ಜೋಡಿಸುವ ಕೆಲಸ ಬಂತು. ಸ್ಟೋರೇಜ್‌ಗೆ ಎರಡು ಕಂಟ್ರೋಲರ್, ಪ್ರತಿ ಸರ್ವರ್‌ನಿಂದ ಎರಡು ಕೇಬಲ್. ಹೀಗಾಗಿ ಇರುವ ಒಂದೇ ಡಿಸ್ಕ್ ಲಿನಕ್ಸ್‌ಗೆ ಎರಡಾಗಿ ಕಾಣುತ್ತದೆ. ಎರಡು ದಾರಿಗಳನ್ನೂ ಸೇರಿಸಿ ಒಂದೇ ಡಿಸ್ಕ್ ಆಗಿ ತೋರಿಸುವುದು, ಒಂದು ದಾರಿ ಸತ್ತರೆ ಇನ್ನೊಂದರಲ್ಲಿ ಕೆಲಸ ಮುಂದುವರಿಸುವುದು ಮಲ್ಟಿಪಾತ್‌ನ ಕೆಲಸ.

ಹಳೆಯ ಸರ್ವರ್‌ಗಳಲ್ಲಿ ಮಲ್ಟಿಪಾತ್‌ನ ಸೆಟ್ಟಿಂಗ್ ಬರೆಯುವ ಮಲ್ಟಿಪಾತ್.ಕಾನ್ಫ್ ಫೈಲ್ ತುಂಬಾ ಉದ್ದ ಇತ್ತು. ಯಾವ ಸಾಲು ಯಾಕಿದೆ ಅಂತ ಹೇಳುವವರು ಯಾರೂ ಉಳಿದಿರಲಿಲ್ಲ. "ಸರ್, ಪೂರ್ತಿ ಅಳಿಸಿ ಡಿಫಾಲ್ಟ್‌ಗೇ ಬಿಟ್ಟರೆ ಆಗಲ್ವಾ?" ಅಂತ ಜೊತೆಗೆ ಕೆಲಸ ಮಾಡುವ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ನಡೆಯುತ್ತಿರುವ ಸರ್ವರ್ ಮೇಲೆ ಉತ್ತರ ಹುಡುಕಲು ಆಗುವುದಿಲ್ಲ. ಅದಕ್ಕೆ ಮನೆಯಲ್ಲೇ ಒಂದು ಸಣ್ಣ ಲ್ಯಾಬ್ ಕಟ್ಟಿ, ಒಂದೊಂದೇ ಸೆಟ್ಟಿಂಗ್ ಬದಲಾಯಿಸಿ ನೋಡಿದೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ. ಕಮಾಂಡ್ ಮತ್ತು ಸೆಟ್ಟಿಂಗ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿಕೊಳ್ಳಿ.

ಹಂತ 1: ಸಾಮಾನು

ಎರಡು ಹಳೆಯ ಡೆಸ್ಕ್‌ಟಾಪ್‌ಗಳು ಮನೆಯಲ್ಲೇ ಇದ್ದವು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎರಡು ಪೋರ್ಟ್ ಇರುವ ಸೆಕೆಂಡ್ ಹ್ಯಾಂಡ್ ಗಿಗಾಬಿಟ್ ಕಾರ್ಡ್ ಎರಡು ತಂದೆ, ಒಂದಕ್ಕೆ 1,300 ರೂಪಾಯಿ. ಎರಡು ಕ್ಯಾಟ್ 6 ಕೇಬಲ್ 240 ರೂಪಾಯಿ. ಸ್ವಿಚ್ ತರಲಿಲ್ಲ. ಕಾರ್ಡ್‌ನಿಂದ ಕಾರ್ಡ್‌ಗೆ ನೇರ ಕೇಬಲ್. ಇದರಿಂದ ಒಂದು ಅನುಕೂಲ ಇದೆ: ದಾರಿ ಸಾಯಿಸಬೇಕು ಅಂದರೆ ಕೇಬಲ್ ಕಿತ್ತರೆ ಸಾಕು.

ಎರಡರಲ್ಲೂ ಡೆಬಿಯನ್ 12. ಅದರಲ್ಲಿ ಬರುವ ಮಲ್ಟಿಪಾತ್-ಟೂಲ್ಸ್ ಆವೃತ್ತಿ 0.9.4. ಆವೃತ್ತಿ ಯಾವುದು ಅನ್ನುವುದು ಈ ವಿಷಯದಲ್ಲಿ ನಿಜಕ್ಕೂ ಮುಖ್ಯ, ಯಾಕೆ ಅಂತ ಹಂತ 5ರಲ್ಲಿ ಗೊತ್ತಾಗುತ್ತದೆ.

ಹಂತ 2: ಡಿಸ್ಕ್ ಕೊಡುವ ಮಷಿನ್

ಒಂದನೇ ಮಷಿನ್‌ನಲ್ಲಿ ಟಾರ್ಗೆಟ್‌ಸಿಎಲ್‌ಐ ಹಾಕಿ, ಎಸ್‌ಎಸ್‌ಡಿ ಮೇಲೆ 20 ಜಿಬಿಯ ಒಂದು ಫೈಲ್ ಮಾಡಿ, ಅದನ್ನೇ ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ ಪದ್ಧತಿ) ಡಿಸ್ಕ್ ಆಗಿ ಕೊಟ್ಟೆ. ಹೆಸರು ಡಿಸ್ಕ್1. ವಿಳಾಸಗಳು 10.10.1.1 ಮತ್ತು 10.10.2.1, ಎರಡೂ ಬೇರೆ ಬೇರೆ ಸಬ್‌ನೆಟ್. ಒಂದೇ ಸಬ್‌ನೆಟ್‌ನಲ್ಲಿ ಇಟ್ಟರೆ ಎರಡು ಕೇಬಲ್ ಇದ್ದರೂ ಪ್ಯಾಕೆಟ್‌ಗಳು ಒಂದರಲ್ಲೇ ಹೋಗಬಹುದು, ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಟಾರ್ಗೆಟ್‌ಸಿಎಲ್‌ಐ ತಾನಾಗಿ 0.0.0.0 ಅನ್ನುವ ಪೋರ್ಟಲ್ ಮಾಡಿಡುತ್ತದೆ. ಅದನ್ನು ಅಳಿಸಿದ ಮೇಲೆಯೇ ನಮ್ಮ ಎರಡು ವಿಳಾಸ ಸೇರಿಸಲು ಆಗುವುದು.

ಎರಡನೇ ಮಷಿನ್‌ನಲ್ಲಿ ಐಸ್ಕಸಿಎಡಿಎಂನಿಂದ ಡಿಸ್ಕವರಿ ಮಾಡಿದೆ. ಒಂದು ವಿಳಾಸ ಕೇಳಿದರೆ ಎರಡೂ ಪೋರ್ಟಲ್ ಬಂದವು. ಲಾಗಿನ್ ಮಾಡಿದೆ. ಎಸ್‌ಡಿಬಿ, ಎಸ್‌ಡಿಸಿ ಅಂತ ಎರಡು ಡಿಸ್ಕ್ ಕಂಡವು. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ.

ಹಂತ 3: ಏನೂ ಕಾಣುತ್ತಿಲ್ಲ

ಮಲ್ಟಿಪಾತ್-ಟೂಲ್ಸ್ ಹಾಕಿ, ಕಾನ್ಫಿಗ್‌ನಲ್ಲಿ ನನ್ನದು ಅಂತ ಒಂದು ಸಾಲನ್ನೂ ಬರೆಯದೆ, ಸೇರಿಸಿದ ಡಿಸ್ಕ್‌ಗಳನ್ನು ತೋರಿಸುವ "ಮಲ್ಟಿಪಾತ್ -ಎಲ್‌ಎಲ್" ಕೊಟ್ಟೆ. ಖಾಲಿ. ಸರ್ವಿಸ್ ಓಡುತ್ತಿದೆ, ಎರಡು ಡಿಸ್ಕ್ ಇವೆ, ಎರಡಕ್ಕೂ ಒಂದೇ ಗುರುತು ಸಂಖ್ಯೆ. ಆದರೂ ಅದು ಸೇರಿಸುತ್ತಿಲ್ಲ.

ಕಾರಣ ಫೈಂಡ್_ಮಲ್ಟಿಪಾತ್ಸ್ ಅನ್ನುವ ಸೆಟ್ಟಿಂಗ್. ಇದರ ಮೂಲ ಡಿಫಾಲ್ಟ್ "ಸ್ಟ್ರಿಕ್ಟ್". ಅಂದರೆ ಅಡ್ಮಿನ್ ಮೊದಲೇ ಒಪ್ಪಿಗೆ ಕೊಟ್ಟ ಡಿಸ್ಕ್ ಮಾತ್ರ ಮುಟ್ಟುತ್ತದೆ. ಒಪ್ಪಿಗೆ ಪಟ್ಟಿ ಇರುವುದು /ಇಟಿಸಿ/ಮಲ್ಟಿಪಾತ್/ಡಬ್ಲ್ಯುಡಬ್ಲ್ಯುಐಡಿಎಸ್ ಫೈಲ್‌ನಲ್ಲಿ. ಸೇರಿಸಲು "ಮಲ್ಟಿಪಾತ್ -ಎ /ಡೆವ್/ಎಸ್‌ಡಿಬಿ". ಗುರುತು ಸಂಖ್ಯೆ ಸೇರಿತು ಅಂತ ಒಂದು ಸಾಲು ಬಂತು. ಆಮೇಲೆ "ಮಲ್ಟಿಪಾತ್‌ಡಿ ರೀಕಾನ್ಫಿಗರ್". ಈಗ ಡಿಸ್ಕ್ ಬಂತು.

ಆ ಫೈಲ್ ತೆರೆದು ನೋಡಿ, ತುಂಬಾ ಸರಳವಾಗಿದೆ. ಮೇಲೆ ಹ್ಯಾಶ್ ಗುರುತಿನ ಕೆಲವು ಸಾಲು, ಇದನ್ನು ಪ್ರೋಗ್ರಾಮ್ ತಾನೇ ನೋಡಿಕೊಳ್ಳುತ್ತದೆ, ಮಾಮೂಲಾಗಿ ನೀವು ತಿದ್ದಬೇಕಿಲ್ಲ ಅಂತ. ಕೆಳಗೆ ಎರಡು ಸ್ಲ್ಯಾಷ್ ನಡುವೆ ಒಂದು ಉದ್ದ ಸಂಖ್ಯೆ. ಲಿನಕ್ಸ್‌ನ ಟಾರ್ಗೆಟ್‌ನಿಂದ ಬಂದ ಡಿಸ್ಕ್ ಆದರೆ ಅದು 36001405 ಅಂತಲೇ ಶುರುವಾಗುತ್ತದೆ. ಹೆಸರು ಎಸ್‌ಡಿಬಿ ಹೋಗಿ ಎಸ್‌ಡಿಇ ಆದರೂ ಈ ಸಂಖ್ಯೆ ಬದಲಾಗುವುದಿಲ್ಲ.

ರೆಡ್ ಹ್ಯಾಟ್ ಬಳಗದ ಸಿಸ್ಟಂಗಳಲ್ಲಿ ಕೆಲಸ ಮಾಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಎಂಪಾತ್‌ಕಾನ್ಫ್ ಕಮಾಂಡ್ ಕೊಟ್ಟರೆ "ಎಸ್" (ಹೌದು) ಅನ್ನುವ ಆಯ್ಕೆ ಬರುತ್ತದೆ, ಎರಡು ದಾರಿ ಕಂಡ ತಕ್ಷಣ ತಾನೇ ಸೇರಿಸುತ್ತದೆ. ಒಂದೇ ಪ್ರೋಗ್ರಾಮ್, ಆದರೆ ವಿತರಣೆ ಬದಲಾದರೆ ಡಿಫಾಲ್ಟೂ ಬದಲು. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ನಂಬಿ ಕೂರುವ ಹಾಗಿಲ್ಲ.

ಹಂತ 4: ತಾನಾಗಿ ಹುಡುಕಲು ಬಿಟ್ಟಾಗ

ಆಯ್ಕೆಗಳು ಒಟ್ಟು ಐದು: ಆಫ್, ಎಸ್, ಗ್ರೀಡಿ, ಸ್ಮಾರ್ಟ್, ಸ್ಟ್ರಿಕ್ಟ್. ಕೈಯಲ್ಲಿ ಲ್ಯಾಬ್ ಇದ್ದದ್ದರಿಂದ ಇವುಗಳಲ್ಲಿ ಮೂರನ್ನು ಪರೀಕ್ಷೆ ಮಾಡಿದೆ.

ಮೊದಲು "ಎಸ್". ಪಟ್ಟಿಯಿಂದ ಡಿಸ್ಕ್‌ನ ಸಂಖ್ಯೆಯನ್ನು "ಮಲ್ಟಿಪಾತ್ -ಡಬ್ಲ್ಯು" ಕೊಟ್ಟು ತೆಗೆದೆ. ಡಿಸ್ಕ್ ಮೇಲೆ ಆಗಲೇ ಒಂದು ಎಲ್‌ವಿಎಂ (ಡಿಸ್ಕ್ ಜಾಗವನ್ನು ಗುಂಪು ಮಾಡಿ ಹಂಚುವ ಲಿನಕ್ಸ್ ವ್ಯವಸ್ಥೆ) ಗುಂಪು ಮಾಡಿದ್ದೆ. ಎರಡನೇ ಕೇಬಲ್ ಕಿತ್ತು, ಮಷಿನ್ ರೀಬೂಟ್ ಮಾಡಿದೆ. ಕರೆಂಟ್ ಹೋಗಿ ಬಂದಾಗ ಒಂದು ಸ್ವಿಚ್ ತಡವಾಗಿ ಎದ್ದರೆ ಆಗುವುದೂ ಇದೇ ಅಲ್ವಾ?

ಒಂದೇ ದಾರಿ ಕಂಡಿತು. "ಎಸ್" ಪ್ರಕಾರ ಎರಡು ದಾರಿ ಇದ್ದರೆ ಅಥವಾ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಅದು ಮಲ್ಟಿಪಾತ್. ಎರಡೂ ಇಲ್ಲ, ಹಾಗಾಗಿ ಡಿಸ್ಕ್ ಬಿಟ್ಟುಕೊಟ್ಟಿತು. ಎಲ್‌ವಿಎಂ ಅದನ್ನು ಎತ್ತಿಕೊಂಡು, ಎಸ್‌ಡಿಬಿ ಮೇಲೆ ನೇರವಾಗಿ ಗುಂಪನ್ನು ಚಾಲೂ ಮಾಡಿತು. ಆಮೇಲೆ ಎರಡನೇ ಕೇಬಲ್ ಚುಚ್ಚಿದೆ. ಮಲ್ಟಿಪಾತ್‌ಗೆ ಈಗ ಎರಡು ದಾರಿ ಕಂಡವು, ಸೇರಿಸಲು ಹೋಯಿತು, ಆಗಲಿಲ್ಲ. ಕರ್ನಲ್ ಲಾಗ್‌ನಲ್ಲಿ "ಮಲ್ಟಿಪಾತ್: ಎರರ್ ಗೆಟಿಂಗ್ ಡಿವೈಸ್" ಅಂತ ಬಂತು, ಪಕ್ಕದಲ್ಲಿ ಬಿಜಿ ಅನ್ನುವ ಕೋಡ್. ಡಿಸ್ಕ್ ಆಗಲೇ ಇನ್ನೊಬ್ಬರ ಕೈಯಲ್ಲಿದೆ.

ಇದರಲ್ಲಿ ಅಪಾಯ ಎಲ್ಲಿದೆ ಅಂದರೆ, ಹೊರಗಿನಿಂದ ಎಲ್ಲ ಸರಿ ಕಾಣುತ್ತದೆ. ಫೈಲ್ ತೆರೆಯುತ್ತದೆ, ಡೇಟಾ ಬರುತ್ತದೆ. ಆದರೆ ಎರಡನೇ ಕೇಬಲ್ ಸುಮ್ನೆ ನೇತಾಡುತ್ತಿದೆ. ಮೊದಲನೆಯದು ಹೋದ ದಿನ ಎಲ್ಲವೂ ನಿಲ್ಲುತ್ತದೆ. ಸರಿಪಡಿಸಲು ಫೈಲ್‌ಸಿಸ್ಟಂ ಇಳಿಸಿ, "ವಿಜಿಚೇಂಜ್ -ಎಎನ್" ಕೊಟ್ಟು, ಆಮೇಲೆ "ಮಲ್ಟಿಪಾತ್" ಓಡಿಸಬೇಕಾಯಿತು. ನಡೆಯುವ ಸರ್ವರ್ ಆದರೆ ಅಷ್ಟು ಹೊತ್ತು ಸೇವೆ ಬಂದ್.

ಒಮ್ಮೆ ಸರಿಯಾಗಿ ಸೇರಿದ ಮೇಲೆ ಸಂಖ್ಯೆ ಪಟ್ಟಿಗೆ ತಾನಾಗಿ ಸೇರುತ್ತದೆ. ಆಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿದೆ, ಒಂದೇ ಕೇಬಲ್ ಇದ್ದರೂ ಮಲ್ಟಿಪಾತ್ ಡಿಸ್ಕ್ ಹಿಡಿದುಕೊಂಡಿತು. ಅಂದರೆ ತೊಂದರೆ ಇರುವುದು ಮೊದಲ ಸಲ ಮಾತ್ರ.

ಆ ಮೊದಲ ಸಲಕ್ಕೆ ಅಂತಲೇ "ಸ್ಮಾರ್ಟ್" ಇದೆ. ಒಂದು ದಾರಿ ಕಂಡರೂ ಸ್ವಲ್ಪ ಹೊತ್ತು ತಡೆದು ಇಟ್ಟುಕೊಂಡು, ಇನ್ನೊಂದು ಬರುತ್ತದಾ ಅಂತ ಕಾಯುತ್ತದೆ. ಎಷ್ಟು ಹೊತ್ತು? ಡಿಫಾಲ್ಟ್ ಬೆಲೆ -10. ಮೈನಸ್ ಚಿಹ್ನೆಗೆ ಅರ್ಥ ಇದೆ: ಮಲ್ಟಿಪಾತ್‌ಗೆ ಪರಿಚಯ ಇರುವ ಸ್ಟೋರೇಜ್ ಆದರೆ 10 ಸೆಕೆಂಡ್, ಪರಿಚಯ ಇಲ್ಲದ್ದಾದರೆ 1 ಸೆಕೆಂಡ್ ಮಾತ್ರ, ಬೂಟ್ ತಡವಾಗಬಾರದು ಅಂತ. ನನ್ನ ಡಿಸ್ಕ್1 ಪರಿಚಯ ಇಲ್ಲದ್ದು. ಎರಡೂ ಲಾಗಿನ್ ಒಟ್ಟಿಗೆ ಆದಾಗ ಸರಿಯಾಗಿ ಸೇರಿತು, ಕೇಬಲ್ ತಡವಾದಾಗ ಇಲ್ಲ.

ಇನ್ನು "ಗ್ರೀಡಿ", ಅಂದರೆ ಒಂದೇ ದಾರಿ ಇದ್ದರೂ ಡಿಸ್ಕ್ ಹಿಡಿದುಕೊಳ್ಳುವುದು. ಇದನ್ನು ನೇರವಾಗಿ ಹಾಕಲು ಧೈರ್ಯ ಬರಲಿಲ್ಲ. "ಮಲ್ಟಿಪಾತ್ -ಡಿ" ಕೊಟ್ಟರೆ ಏನೂ ಮಾಡದೆ, ಏನು ಮಾಡುತ್ತಿತ್ತು ಅಂತ ಮಾತ್ರ ತೋರಿಸುತ್ತದೆ. ಅದರಲ್ಲಿ "ಕ್ರಿಯೇಟ್" ಅಂತ ಬಂದ ಸಾಲುಗಳಲ್ಲಿ ಬ್ಯಾಕಪ್‌ಗೆ ಇಟ್ಟಿದ್ದ ಸಾಟಾ ಹಾರ್ಡ್ ಡಿಸ್ಕೂ ಇತ್ತು, ಹೆಸರಿನ ಮುಂದೆ ಎಟಿಎ ಅಂತ. ಅದಕ್ಕೆ ಇರುವುದು ಒಂದೇ ಕೇಬಲ್. ಅದನ್ನು ಮಲ್ಟಿಪಾತ್ ಹಿಡಿದುಕೊಂಡರೆ, ಬ್ಯಾಕಪ್ ಸ್ಕ್ರಿಪ್ಟ್ ಮೌಂಟ್ ಮಾಡಲು ಹೋದಾಗ "ಆಗಲೇ ಮೌಂಟ್ ಆಗಿದೆ ಅಥವಾ ಬಿಜಿ" ಅನ್ನುವ ಉತ್ತರ ಬರುತ್ತದೆ. ನೆಟ್‌ನಲ್ಲಿ ಈ ದೂರು ಎಷ್ಟೋ ಕಡೆ ಕಾಣುತ್ತದೆ, ಕಾರಣ ಸಾಮಾನ್ಯವಾಗಿ ಇದೇ.

ತಾನಾಗಿ ಹುಡುಕುವ ಗುಣದ ಇನ್ನೊಂದು ಮುಖ ಉಬುಂಟು 20.04 ಸರ್ವರ್‌ನಲ್ಲಿ ಕಾಣಬಹುದು. ಅಲ್ಲಿ ಮಲ್ಟಿಪಾತ್-ಟೂಲ್ಸ್ ಇನ್‌ಸ್ಟಾಲ್ ಜೊತೆಗೇ ಬರುತ್ತದೆ. ಅದನ್ನು ವಿಎಂವೇರ್ ಮೇಲೆ ಹಾಕಿದರೆ, ಎಸ್‌ಡಿಎಗೆ ಗುರುತು ಸಂಖ್ಯೆಯೇ ಸಿಗದೆ "ಆಡ್ ಮಿಸ್ಸಿಂಗ್ ಪಾತ್" ಅನ್ನುವ ಸಾಲು ಲಾಗ್‌ನಲ್ಲಿ ಬರುತ್ತಲೇ ಇರುತ್ತದೆ. ವಿಎಂ ಸೆಟ್ಟಿಂಗ್‌ನಲ್ಲಿ ಡಿಸ್ಕ್.ಎನೇಬಲ್‌ಯುಯುಐಡಿ ಟ್ರೂ ಮಾಡಿದರೆ, ಅಥವಾ ಆ ಡಿಸ್ಕ್ ಅನ್ನು ಬ್ಲ್ಯಾಕ್‌ಲಿಸ್ಟ್‌ಗೆ (ಮಲ್ಟಿಪಾತ್ ಮುಟ್ಟಬಾರದವುಗಳ ಪಟ್ಟಿ) ಹಾಕಿದರೆ ನಿಲ್ಲುತ್ತದೆ.

ನನ್ನ ತೀರ್ಮಾನ ಹೀಗೆ. ಡಿಸ್ಕ್‌ಗಳು ಬಂದು ಹೋಗುವ ಲ್ಯಾಬ್ ಆದರೆ ಸ್ಮಾರ್ಟ್. ವರ್ಷಗಟ್ಟಲೆ ಅದೇ ಡಿಸ್ಕ್ ಇರುವ ಆಫೀಸ್ ಸರ್ವರ್ ಆದರೆ ಸ್ಟ್ರಿಕ್ಟ್. ಒಂದು ಕಮಾಂಡ್ ಜಾಸ್ತಿ ಕೊಡಬೇಕು, ಅಷ್ಟೇ. ಈ ಡಿಸ್ಕ್ ಯಾರದ್ದು, ಯಾವುದಕ್ಕೆ ಇಟ್ಟದ್ದು ಅನ್ನುವುದು ಡಿಸ್ಕ್ ಮೇಲೆ ಎಲ್ಲೂ ಬರೆದಿರುವುದಿಲ್ಲ. ಪ್ರೋಗ್ರಾಮ್ ಎಷ್ಟೇ ಜಾಣ ಆದರೂ ಊಹೆಯನ್ನೇ ಮಾಡಬೇಕು. ಜೊತೆಗೆ ಬ್ಲ್ಯಾಕ್‌ಲಿಸ್ಟ್‌ನಲ್ಲಿ ಪ್ರೋಟೋಕಾಲ್ ".*" ಹಾಕಿ, ಎಕ್ಸೆಪ್ಷನ್ಸ್‌ನಲ್ಲಿ "ಸ್ಕಸಿ:ಐಸ್ಕಸಿ" ಒಂದನ್ನೇ ಬಿಟ್ಟೆ. ಈಗ ಒಳಗಿನ ಸಾಟಾ ಡಿಸ್ಕ್‌ಗಳ ಕಡೆ ಅದು ತಲೆಯೇ ಹಾಕುವುದಿಲ್ಲ. ಸೀರಿಯಲ್ ನಂಬರ್ ಒಂದೊಂದಾಗಿ ಬರೆಯುವುದಕ್ಕಿಂತ ಇದು ಎಷ್ಟೋ ಮೇಲು, ನಾಳೆ ಡಿಸ್ಕ್ ಬದಲಾಯಿಸಿದರೂ ಫೈಲ್ ಮುಟ್ಟಬೇಕಿಲ್ಲ.

ಹಂತ 5: ಯಾರು ತೀರ್ಮಾನ ಮಾಡಿದ್ದು?

ಈಗ "ಮಲ್ಟಿಪಾತ್ -ಎಲ್‌ಎಲ್" ಸರಿಯಾಗಿ ತೋರಿಸುತ್ತಿತ್ತು. ಆದರೆ ಎರಡು ದಾರಿಗಳು ಎರಡು ಬೇರೆ ಗುಂಪಿನಲ್ಲಿ. ಎರಡಕ್ಕೂ ಪ್ರಯಾರಿಟಿ 50. ಒಂದು ಗುಂಪಿನ ಮುಂದೆ ಆಕ್ಟಿವ್, ಇನ್ನೊಂದರ ಮುಂದೆ ಎನೇಬಲ್ಡ್. ಅಂದರೆ ಒಂದು ಕೇಬಲ್ ದುಡಿಯುತ್ತಿದೆ, ಇನ್ನೊಂದು ಕಾಯುತ್ತಿದೆ. ಡಿಸ್ಕ್ ವೇಗ ಅಳೆಯುವ ಎಫ್‌ಐಒದಲ್ಲಿ ದೊಡ್ಡ ಬ್ಲಾಕ್ ಓದಿಸಿದಾಗ ಸೆಕೆಂಡಿಗೆ ಸುಮಾರು 112 ಎಂಬಿ, ಒಂದು ಗಿಗಾಬಿಟ್ ಕೇಬಲ್‌ನ ಮಿತಿ ಅದು.

ಪಾತ್_ಗ್ರೂಪಿಂಗ್_ಪಾಲಿಸಿಯ ಡಿಫಾಲ್ಟ್ "ಫೇಲ್‌ಓವರ್", ಒಂದು ಗುಂಪಿಗೆ ಒಂದೇ ದಾರಿ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಕೆಲವು ಸ್ಟೋರೇಜ್‌ಗಳಲ್ಲಿ ಒಂದು ಕಂಟ್ರೋಲರ್ ಮಾತ್ರ ಡಿಸ್ಕ್‌ನ ಮಾಲೀಕ, ಇನ್ನೊಂದರ ಮೂಲಕ ಕಳಿಸಿದರೆ ನಿಧಾನ ಆಗುತ್ತದೆ ಅಥವಾ ಮಾಲೀಕತ್ವ ಅತ್ತಿಂದಿತ್ತ ಹಾರುತ್ತಿರುತ್ತದೆ. ಏನೂ ಗೊತ್ತಿಲ್ಲದಾಗ ಒಂದೇ ದಾರಿ ಬಳಸುವುದು ಎಲ್ಲ ಕಡೆಯೂ ಸುರಕ್ಷಿತ.

ಗ್ರೂಪ್_ಬೈ_ಪ್ರಯೋ ಅಂತ ಬದಲಾಯಿಸಿದೆ. ಸಮಾನ ಪ್ರಯಾರಿಟಿಯ ದಾರಿಗಳು ಒಂದೇ ಗುಂಪಿಗೆ ಬಂದವು. ಅದೇ ಪರೀಕ್ಷೆ, ಸುಮಾರು 220 ಎಂಬಿ.

ಪ್ರಯಾರಿಟಿ 50 ಎಲ್ಲಿಂದ ಬಂತು? ನಾನಂತೂ ಬರೆದಿಲ್ಲ. ಸುಮ್ನೆ ನೋಡೋಣ ಅಂತ ಕಾನ್ಫಿಗ್‌ನಲ್ಲಿ ಪ್ರಯೋ "ಕಾನ್ಸ್ಟ್" ಅಂತ ಹಾಕಿದೆ, ಅದು ಬಂದರೆ ಎಲ್ಲ ದಾರಿಗೂ 1 ಸಿಗಬೇಕು. ರೀಕಾನ್ಫಿಗರ್ ಮಾಡಿದೆ. ಇನ್ನೂ 50. ನನ್ನ ಸಾಲನ್ನು ಅದು ಓದಿದೆ, ಆದರೆ ಕೇಳಿಲ್ಲ.

ಇಲ್ಲಿ ಸಿಕ್ಕಿದ್ದು ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದ ವಿಷಯ. "ಮಲ್ಟಿಪಾತ್ -ವಿ3" ಕೊಟ್ಟರೆ ಪುಟಗಟ್ಟಲೆ ಬರುತ್ತದೆ, ಅದರಲ್ಲಿ "ಸೆಟ್ಟಿಂಗ್:" ಅನ್ನುವ ಪದ ಇರುವ ಸಾಲುಗಳನ್ನು ಮಾತ್ರ ಗ್ರೆಪ್ ಮಾಡಿ. ಪ್ರತಿ ಸೆಟ್ಟಿಂಗ್‌ನ ಬೆಲೆ, ಮತ್ತು ಪಕ್ಕದ ಬ್ರಾಕೆಟ್‌ನಲ್ಲಿ ಅದನ್ನು ಯಾರು ತೀರ್ಮಾನಿಸಿದರು ಅಂತ ಇರುತ್ತದೆ. "ಮಲ್ಟಿಪಾತ್ ಇಂಟರ್ನಲ್" ಅಂದರೆ ಪ್ರೋಗ್ರಾಮ್‌ನ ಸ್ವಂತ ಡಿಫಾಲ್ಟ್. "ಮಲ್ಟಿಪಾತ್.ಕಾನ್ಫ್ ಡಿಫಾಲ್ಟ್ಸ್/ಡಿವೈಸಸ್ ಸೆಕ್ಷನ್" ಅಂದರೆ ನಾವು ಬರೆದದ್ದು. "ಸ್ಟೋರೇಜ್ ಡಿವೈಸ್ ಕಾನ್ಫಿಗರೇಶನ್" ಅಂದರೆ ಪ್ರೋಗ್ರಾಮ್ ಒಳಗೇ ಇರುವ ಸ್ಟೋರೇಜ್ ಪಟ್ಟಿ, ಅಥವಾ ಒಂದು ಸ್ಟೋರೇಜ್‌ನ ಹೆಸರು ಹಿಡಿದು ನಾವು ಬರೆದದ್ದು. "ಸ್ಟೋರೇಜ್ ಡಿವೈಸ್ ಆಟೋಡಿಟೆಕ್ಟೆಡ್" ಅಂದರೆ ಡಿಸ್ಕ್ ಅನ್ನೇ ಕೇಳಿ ತಿಳಿದದ್ದು.

ನನ್ನ ಪ್ರಯೋ ಸಾಲಿನ ಮುಂದೆ ಇದ್ದದ್ದು ಆಟೋಡಿಟೆಕ್ಟೆಡ್. ಡಿಟೆಕ್ಟ್_ಪ್ರಯೋ ಅನ್ನುವ ಸೆಟ್ಟಿಂಗ್ ಡಿಫಾಲ್ಟ್ ಆಗಿ "ಎಸ್". ಡಿಸ್ಕ್ ತಾನು ಅಲುವಾ (ದಾರಿಗಳ ಸ್ಥಿತಿಯನ್ನು ಸ್ಟೋರೇಜೇ ತಿಳಿಸುವ ಪದ್ಧತಿ) ಬೆಂಬಲಿಸುತ್ತೇನೆ ಅಂದರೆ, ಯಾವ ದಾರಿ ಒಳ್ಳೆಯದು ಅಂತ ಡಿಸ್ಕ್ ಹೇಳಿದ್ದನ್ನೇ ಇದು ನಂಬುತ್ತದೆ. ಒಳ್ಳೆಯ ದಾರಿಗೆ 50, ಕಂಟ್ರೋಲರ್ ಸುತ್ತಿಕೊಂಡು ಹೋಗುವ ದಾರಿಗೆ 10, ಸ್ಟ್ಯಾಂಡ್‌ಬೈಗೆ 1. ನನ್ನ ಮಾತು ನಡೆಯಬೇಕಾದರೆ ಮೊದಲು ಡಿಟೆಕ್ಟ್_ಪ್ರಯೋ "ನೋ" ಮಾಡಬೇಕು. ಮಾಡಿದೆ, 1 ಬಂತು. ನೋಡಿ ವಾಪಸ್ ಹಾಕಿದೆ.

ವಾಪಸ್ ಹಾಕಿದ್ದಕ್ಕೆ ಕಾರಣ ಇದೆ. ದಾರಿ ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಸ್ಟೋರೇಜ್‌ಗೆ ಗೊತ್ತು, ಅದು ಕ್ಷಣಕ್ಷಣಕ್ಕೂ ಬದಲಾಗಬಹುದು. ಒಂದು ಕಂಟ್ರೋಲರ್ ಕೆಟ್ಟರೆ 10 ಇದ್ದದ್ದು 50 ಆಗುತ್ತದೆ. ನಾನು ಫೈಲ್‌ನಲ್ಲಿ ಬರೆದಿಟ್ಟ ಸಾಲಿಗೆ ಇದು ತಿಳಿಯುವುದೇ ಇಲ್ಲ. ಕೇಳಿ ತಿಳಿಯಲು ಆಗುವಂಥದ್ದನ್ನು ಪ್ರೋಗ್ರಾಮ್‌ಗೆ ಬಿಡುವುದೇ ಸರಿ. ಆಯ್ಕೆ ನಮಗೆ ಇರಬೇಕು, ನಿಜ. ಆದರೆ ಇದ್ದ ಆಯ್ಕೆಯನ್ನೆಲ್ಲ ಬಳಸಲೇಬೇಕು ಅಂತ ಇಲ್ಲ.

ಆವೃತ್ತಿ ಮುಖ್ಯ ಅಂದೆನಲ್ಲ, ಅದು ಇಲ್ಲಿಗೆ. 0.9.6 ರಿಂದ ಡಿಟೆಕ್ಟ್_ಪಿಜಿಪಾಲಿಸಿ ಅಂತ ಹೊಸದೊಂದು ಬಂದಿದೆ, ಅದೂ ಡಿಫಾಲ್ಟ್ "ಎಸ್". ಅಲುವಾ ಇರುವ ಡಿಸ್ಕ್ ಆದರೆ ಗುಂಪು ಮಾಡುವುದನ್ನೂ ತಾನೇ ಗ್ರೂಪ್_ಬೈ_ಪ್ರಯೋಗೆ ಬದಲಾಯಿಸುತ್ತದೆ. ನಾನು ಕೈಯಿಂದ ಬರೆದ ಸಾಲು ಅಲ್ಲಿ ಬೇಕಾಗುವುದಿಲ್ಲ. ಆದರೆ ಯಾರಾದರೂ ಬೇಕಂತಲೇ ಫೇಲ್‌ಓವರ್ ಅಂತ ಬರೆದಿದ್ದರೆ, ಅಪ್‌ಗ್ರೇಡ್ ಆದ ಮೇಲೆ ಅವರ ಸಾಲು ಫೈಲ್‌ನಲ್ಲಿ ಹಾಗೇ ಇರುತ್ತದೆ, ಕೆಲಸ ಮಾತ್ರ ಬೇರೆ ಆಗುತ್ತದೆ.

ಹಂತ 6: ಐದು ಸೆಕೆಂಡ್ ಎಲ್ಲಿಂದ ಬಂತು

ಎಫ್‌ಐಒ ಓಡುತ್ತಿರುವಾಗಲೇ ಒಂದು ಕೇಬಲ್ ಕಿತ್ತೆ. ಓದುವುದು ನಿಂತಿತು, 10 ರಿಂದ 15 ಸೆಕೆಂಡ್ ಒಳಗೆ ಇನ್ನೊಂದು ದಾರಿಯಲ್ಲಿ ಮುಂದುವರಿಯಿತು. ಎರರ್ ಇಲ್ಲ.

ಇದು ನಾನು ಅಂದುಕೊಂಡದ್ದಕ್ಕಿಂತ ಬೇಗ. ಐಸ್ಕಸಿಯ ಸೆಟ್ಟಿಂಗ್ ಫೈಲ್ ಆದ ಐಸ್ಕಸಿಡಿ.ಕಾನ್ಫ್‌ನಲ್ಲಿ ರಿಪ್ಲೇಸ್‌ಮೆಂಟ್_ಟೈಮ್‌ಔಟ್ 120 ಅಂತ ಇದೆ. ಲೆಕ್ಕದ ಪ್ರಕಾರ ಎರಡು ನಿಮಿಷ ಕಾಯಬೇಕಿತ್ತು. /ಸಿಸ್/ಕ್ಲಾಸ್/ಐಸ್ಕಸಿ_ಸೆಷನ್ ಒಳಗೆ ರಿಕವರಿ_ಟಿಎಂಒ ಫೈಲ್ ಓದಿದೆ. ಅದರಲ್ಲಿ 5. ಐಸ್ಕಸಿಡಿ.ಕಾನ್ಫ್‌ನಲ್ಲಿ 30 ಮಾಡಿ, ಹಳೆಯ ನೋಡ್ ದಾಖಲೆಗೂ ಅಪ್‌ಡೇಟ್ ಕೊಟ್ಟು (ಇದು ಮಾಡದಿದ್ದರೆ ಫೈಲ್ ಬದಲಾಯಿಸಿದ್ದು ಹೊಸ ಡಿಸ್ಕವರಿಗೆ ಮಾತ್ರ ತಗಲುತ್ತದೆ), ಲಾಗ್‌ಔಟ್ ಆಗಿ ಲಾಗಿನ್ ಆದೆ. ಆಗಲೂ 5.

ಮಲ್ಟಿಪಾತ್‌ಗೆ ಫಾಸ್ಟ್_ಐಒ_ಫೇಲ್_ಟಿಎಂಒ ಅಂತ ಒಂದಿದೆ, ಡಿಫಾಲ್ಟ್ 5. ಐಸ್ಕಸಿ ದಾರಿ ಆದರೆ ಆ ಬೆಲೆಯನ್ನು ನೇರವಾಗಿ ಸೆಷನ್‌ನ ರಿಕವರಿ_ಟಿಎಂಒಗೆ ಬರೆದುಬಿಡುತ್ತದೆ. ಹಾಗೆ ಸಿಸ್‌ಎಫ್‌ಎಸ್ (/ಸಿಸ್ ಒಳಗಿನ ಫೈಲ್‌ಗಳು) ಮೂಲಕ ಒಮ್ಮೆ ಬರೆದ ಮೇಲೆ ಐಸ್ಕಸಿಡಿ ಕೊಡುವ ಬೆಲೆಯನ್ನು ಕರ್ನಲ್ ಆ ಸೆಷನ್‌ಗೆ ಒಪ್ಪುವುದಿಲ್ಲ. ಎರಡು ಫೈಲ್, ಒಂದೇ ಗುಂಡಿ, ಗೆಲ್ಲುವುದು ಮಲ್ಟಿಪಾತ್.

5 ಸೆಕೆಂಡ್ ಎರಡು ದಾರಿ ಇರುವಾಗ ಒಳ್ಳೆಯ ಬೆಲೆಯೇ. ಬೇಗ ಕೈಬಿಟ್ಟರೆ ಬೇಗ ಇನ್ನೊಂದು ದಾರಿ ಹಿಡಿಯಬಹುದು. ನನಗೆ ಬೇಸರ ಇರುವುದು ಬೆಲೆಯ ಬಗ್ಗೆ ಅಲ್ಲ. ಅಡ್ಮಿನ್ ಒಂದು ಫೈಲ್‌ನಲ್ಲಿ ಸ್ಪಷ್ಟವಾಗಿ ಬರೆದ ಸಂಖ್ಯೆಯನ್ನು, ಇನ್ನೊಂದು ಪ್ರೋಗ್ರಾಮ್‌ನ ಬರೆಯದ ಡಿಫಾಲ್ಟ್ ಮೀರುತ್ತದೆ. ಹೀಗಾಗಿ ಫಾಸ್ಟ್_ಐಒ_ಫೇಲ್_ಟಿಎಂಒ 5 ಅಂತ ಡಿಫಾಲ್ಟ್ ಬೆಲೆಯನ್ನೇ ಕಾನ್ಫಿಗ್‌ನಲ್ಲಿ ಬರೆದಿಟ್ಟೆ, ಐಸ್ಕಸಿಡಿ.ಕಾನ್ಫ್‌ನಲ್ಲಿ ಒಂದು ಕಾಮೆಂಟ್ ಹಾಕಿದೆ: "ಮಲ್ಟಿಪಾತ್ ಡಿಸ್ಕ್‌ಗೆ ಇದು ನಡೆಯುವುದಿಲ್ಲ, ಅಲ್ಲಿ ನೋಡಿ". ಮುಂದೆ ಯಾರೇ ಬಂದರೂ ಒಂದು ಮಧ್ಯಾಹ್ನ ಉಳಿಯುತ್ತದೆ.

ಹಂತ 7: ಎರಡೂ ಕೇಬಲ್ ಕಿತ್ತಾಗ

ಎಲ್ಲ ದಾರಿ ಸತ್ತರೆ ಏನು ಮಾಡಬೇಕು ಅನ್ನುವುದು ನೋ_ಪಾತ್_ರಿಟ್ರೈ. ಮೂರು ಬಗೆಯಲ್ಲಿ ಪರೀಕ್ಷೆ ಮಾಡಿದೆ.

ಏನೂ ಬರೆಯದಿದ್ದರೆ ತಕ್ಷಣ ಫೇಲ್. ಎರಡೂ ಕೇಬಲ್ ಕಿತ್ತ ಸ್ವಲ್ಪ ಹೊತ್ತಿಗೆ ಎರರ್ ಮೇಲಕ್ಕೆ ಹೋಯಿತು, ಎಕ್ಸ್‌ಟಿ4 ಜರ್ನಲ್ ನಿಲ್ಲಿಸಿ ಫೈಲ್‌ಸಿಸ್ಟಂ ಅನ್ನು ಓದಲು ಮಾತ್ರ ಮಾಡಿತು. ಕೇಬಲ್ ಮತ್ತೆ ಚುಚ್ಚಿದರೂ ಬರೆಯಲು ಆಗಲಿಲ್ಲ. ಅನ್‌ಮೌಂಟ್, ಎಫ್‌ಎಸ್‌ಸಿಕೆ, ಮತ್ತೆ ಮೌಂಟ್.

"ಕ್ಯೂ" ಹಾಕಿದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಕೇಳಲು ಚೆನ್ನಾಗಿದೆ. ಕೇಬಲ್ ಕಿತ್ತು ಬಿಟ್ಟೆ. ಡಿಸ್ಕ್ ಮುಟ್ಟಿದ ಪ್ರತಿ ಪ್ರೋಸೆಸ್ ಡಿ ಸ್ಥಿತಿಗೆ (ಡಿಸ್ಕ್‌ಗಾಗಿ ಕಾದು ನಿಲ್ಲುವುದು) ಹೋಯಿತು, ಕಿಲ್ -9 ಕೂಡ ಕೇಳುವುದಿಲ್ಲ. ಶಟ್‌ಡೌನ್ ಕೊಟ್ಟರೆ ಅದೂ ಅರ್ಧಕ್ಕೆ ನಿಂತಿತು. ಈ ಸ್ಥಿತಿಯಿಂದ ಹೊರಬರುವ ಕಮಾಂಡ್ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ: "ಮಲ್ಟಿಪಾತ್‌ಡಿ ಡಿಸೇಬಲ್‌ಕ್ಯೂಯಿಂಗ್ ಮ್ಯಾಪ್", ಅದರ ಮುಂದೆ ಡಿಸ್ಕ್ ಹೆಸರು. ಕಾದು ನಿಂತ ಓದು ಬರಹ ಎಲ್ಲ ಎರರ್ ಆಗಿ ಬಿಡುಗಡೆ ಆಗುತ್ತದೆ.

ಮೂರನೆಯದು ಸಂಖ್ಯೆ. 12 ಹಾಕಿದೆ. ದಾರಿ ಪರೀಕ್ಷೆ ಮಾಡುವ ಅಂತರ, ಪೋಲಿಂಗ್_ಇಂಟರ್ವಲ್, 5 ಸೆಕೆಂಡ್. 12 ಸಲ ಅಂದರೆ ಒಂದು ನಿಮಿಷ. "ಮಲ್ಟಿಪಾತ್‌ಡಿ ಶೋ ಮ್ಯಾಪ್ಸ್ ಸ್ಟೇಟಸ್" ಕೊಟ್ಟರೆ ಕ್ಯೂಯಿಂಗ್ ಅನ್ನುವ ಕಾಲಂ ಇದೆ. ದಾರಿ ಸರಿ ಇರುವಾಗ ಅಲ್ಲಿ "12 ಸಿಎಚ್‌ಕೆ", ಅಂದರೆ 12 ಸಲದ ಪರೀಕ್ಷೆ. ಎರಡೂ ಕಿತ್ತ ಮೇಲೆ ಅದು ಸೆಕೆಂಡ್ ಲೆಕ್ಕಕ್ಕೆ ಬದಲಾಗಿ ಇಳಿಯುತ್ತಾ ಹೋಯಿತು. ಸಮಯ ಮುಗಿಯುವ ಮೊದಲೇ ಒಂದು ಕೇಬಲ್ ಚುಚ್ಚಿದೆ. ಐಸ್ಕಸಿ ತಾನೇ ಮತ್ತೆ ಲಾಗಿನ್ ಆಯಿತು, ಕಾಲಂ ವಾಪಸ್ "12 ಸಿಎಚ್‌ಕೆ", ಎಫ್‌ಐಒ ಏನೂ ಆಗದ ಹಾಗೆ ಮುಂದುವರಿಯಿತು. ಇನ್ನೊಂದು ಸಲ ಚುಚ್ಚದೆ ಬಿಟ್ಟೆ. ಸಮಯ ಮುಗಿದು "ಆಫ್" ಆಯಿತು, ಎರರ್ ಬಂತು.

ಇಲ್ಲಿ "-ಎಲ್‌ಎಲ್" ನೋಡಿ ಮೋಸ ಹೋಗಬೇಡಿ. "ಕ್ಯೂ" ಆದರೂ 12 ಆದರೂ ಅದರ ಫೀಚರ್ಸ್ ಭಾಗದಲ್ಲಿ ಕ್ಯೂ_ಇಫ್_ನೋ_ಪಾತ್ ಅಂತಲೇ ಇರುತ್ತದೆ. ವ್ಯತ್ಯಾಸ ಕಾಣುವುದು ಈ ಕಾಲಂನಲ್ಲಿ.

ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಯಾವ ಡಿಸ್ಕೂ ಹೇಳಲಾರದು. ಮೇಲೆ ಕ್ಲಸ್ಟರ್ ಓಡುತ್ತಿದ್ದರೆ ಬೇಗ ಫೇಲ್ ಆಗಬೇಕು, ಇನ್ನೊಂದು ನೋಡ್ ಕೆಲಸ ತೆಗೆದುಕೊಳ್ಳಲಿ ಅಂತ. ಒಂಟಿ ಸರ್ವರ್ ಆದರೆ ಕಂಟ್ರೋಲರ್ ರೀಬೂಟ್ ಆಗುವಷ್ಟು ಹೊತ್ತಾದರೂ ಕಾಯಬೇಕು. ನಮ್ಮದು ಎರಡನೇ ಬಗೆ. ಇದನ್ನು ಡಿಫಾಲ್ಟ್‌ಗೆ ಬಿಡಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬರೆಯುವವರು ನಾವೇ ಆಗಬೇಕು, ಯಾಕೆ ಆ ಸಂಖ್ಯೆ ಅಂತ ಪಕ್ಕದಲ್ಲಿ ಕಾಮೆಂಟೂ ಇರಬೇಕು.

ಹಂತ 8: ಆಫೀಸಿನಲ್ಲಿ

ಲ್ಯಾಬ್‌ನಲ್ಲಿ ಸರಿಹೋದ ಫೈಲ್ ಅನ್ನು, ಇನ್ನೂ ಬಳಕೆಗೆ ಬಿಡದ ಒಂದು ಸರ್ವರ್‌ಗೆ ಹಾಕಿದೆ. ಡಿಫಾಲ್ಟ್ಸ್ ಸೆಕ್ಷನ್‌ನಲ್ಲಿ ನೋ_ಪಾತ್_ರಿಟ್ರೈ 12. ರೀಕಾನ್ಫಿಗರ್. ಕ್ಯೂಯಿಂಗ್ ಕಾಲಂನಲ್ಲಿ "12 ಸಿಎಚ್‌ಕೆ" ಬರಬೇಕಿತ್ತು. ಬಂದದ್ದು "ಆನ್", ಅಂದರೆ ಎಂದೆಂದಿಗೂ ಕಾಯುವ ಕ್ಯೂ.

-ವಿ3 ಕೊಟ್ಟೆ. ಬ್ರಾಕೆಟ್‌ನಲ್ಲಿ "ಸ್ಟೋರೇಜ್ ಡಿವೈಸ್ ಕಾನ್ಫಿಗರೇಶನ್". ಕಾರಣ ಸಿಕ್ಕಿತು. ಮಲ್ಟಿಪಾತ್ ಒಳಗೆ ಗೊತ್ತಿರುವ ಸ್ಟೋರೇಜ್‌ಗಳ ದೊಡ್ಡ ಪಟ್ಟಿ ಇದೆ. "ಮಲ್ಟಿಪಾತ್ -ಟಿ" ಕೊಟ್ಟರೆ ಪೂರ್ತಿ ಕಾಣುತ್ತದೆ. ಉದಾಹರಣೆಗೆ ಐಬಿಎಂ 2145ಕ್ಕೆ ಅದರಲ್ಲಿ ಕ್ಯೂ ಅಂತ ಇದೆ. ನೆಟ್‌ಆಪ್ ಲನ್‌ಗೆ ಕ್ಯೂ ಜೊತೆಗೆ ಯೂಸರ್_ಫ್ರೆಂಡ್ಲಿ_ನೇಮ್ಸ್ "ನೋ" ಅಂತಲೂ ಇದೆ. ಅಲ್ಲಿ ಡಿಫಾಲ್ಟ್ಸ್‌ನಲ್ಲಿ "ಎಸ್" ಅಂತ ಬರೆದರೂ ಎಂಪಾತ್‌ಎ ಅನ್ನುವ ಚಿಕ್ಕ ಹೆಸರು ಬರುವುದಿಲ್ಲ.

ಅನುಕ್ರಮ ಹೀಗಿದೆ. ಎಲ್ಲಕ್ಕಿಂತ ಕೆಳಗೆ ಪ್ರೋಗ್ರಾಮ್‌ನ ಸ್ವಂತ ಬೆಲೆ. ಅದರ ಮೇಲೆ ನಮ್ಮ ಡಿಫಾಲ್ಟ್ಸ್ ಸೆಕ್ಷನ್. ಅದರ ಮೇಲೆ ಒಳಗಿನ ಸ್ಟೋರೇಜ್ ಪಟ್ಟಿ. ಅದರ ಮೇಲೆ ನಾವು ಬರೆಯುವ ಡಿವೈಸಸ್. ಅದರ ಮೇಲೆ ಓವರ್‌ರೈಡ್ಸ್. ಕೊನೆಗೆ ಮಲ್ಟಿಪಾತ್ಸ್, ಒಂದೇ ಒಂದು ಡಿಸ್ಕ್‌ಗೆ ಅಂತ ಬರೆಯುವುದು. ಡಿಫಾಲ್ಟ್ಸ್‌ನಲ್ಲಿ ಬರೆದದ್ದು ಪಟ್ಟಿಯಲ್ಲಿ ಇಲ್ಲದ ವಿಷಯಕ್ಕೆ ಮಾತ್ರ. ಲ್ಯಾಬ್‌ನ ಡಿಸ್ಕ್1 ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೇ ಅಲ್ಲಿ ಇದು ಕಾಣಲೇ ಇಲ್ಲ.

ಓವರ್‌ರೈಡ್ಸ್‌ನಲ್ಲಿ ಒಂದು ಸಾಲು ಹಾಕಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಅದು ಆ ಸರ್ವರ್‌ಗೆ ಮುಂದೆ ಬರುವ ಎಲ್ಲ ಸ್ಟೋರೇಜ್‌ಗೂ ತಗಲುತ್ತದೆ. ಅದಕ್ಕೆ ಡಿವೈಸಸ್‌ನಲ್ಲಿ, ಪಟ್ಟಿಯಲ್ಲಿ ಇರುವ ವೆಂಡರ್ ಮತ್ತು ಪ್ರಾಡಕ್ಟ್ ಹೆಸರನ್ನು ಅಕ್ಷರ ಬಿಡದೆ ಹಾಗೇ ಬರೆದು, ನೋ_ಪಾತ್_ರಿಟ್ರೈ 12 ಒಂದನ್ನೇ ಹಾಕಿದೆ. ಉಳಿದದ್ದೆಲ್ಲ ಪಟ್ಟಿಯಿಂದಲೇ ಬರುತ್ತದೆ. "ಮಲ್ಟಿಪಾತ್‌ಡಿ ಶೋ ಕಾನ್ಫಿಗ್ ಲೋಕಲ್" ಕೊಟ್ಟು ಖಾತ್ರಿ ಮಾಡಿಕೊಂಡೆ, ಅದು ಈ ಸರ್ವರ್‌ನಲ್ಲಿ ನಿಜವಾಗಿ ಇರುವ ಸ್ಟೋರೇಜ್‌ನ ಭಾಗ ಮಾತ್ರ ತೋರಿಸುತ್ತದೆ. ಕಾಲಂನಲ್ಲಿ "12 ಸಿಎಚ್‌ಕೆ" ಬಂತು.

ಹಳೆಯ ಉದ್ದದ ಫೈಲ್ ಪಕ್ಕದಲ್ಲಿ ಇಟ್ಟು ನೋಡಿದೆ. ಅದರಲ್ಲಿ ಹೆಚ್ಚಿನದು ಯಾವುದೋ ಕಾಲದ ಪಿಡಿಎಫ್‌ನಿಂದ ತಂದ ಡಿವೈಸ್ ಸೆಕ್ಷನ್. ಗೆಟ್‌ಯುಐಡಿ_ಕಾಲ್‌ಔಟ್ ಅನ್ನುವ ಸಾಲಿಗೆ ಈಗಿನ ಆವೃತ್ತಿ "ಇನ್‌ವ್ಯಾಲಿಡ್ ಕೀವರ್ಡ್" ಅನ್ನುತ್ತದೆ. ರೌಂಡ್-ರಾಬಿನ್ ಅಂತ ಬರೆದ ಸಾಲು ಮಾತ್ರ ಇನ್ನೂ ನಡೆಯುತ್ತದೆ, ಈಗಿನ ಡಿಫಾಲ್ಟ್ ಆದ ಸರ್ವಿಸ್-ಟೈಮ್ ಅನ್ನು ತಡೆಯುತ್ತದೆ. ಬರೆದ ದಿನ ಅದು ಸರಿಯಾದ ಆಯ್ಕೆಯೇ ಆಗಿತ್ತು. ಆಮೇಲೆ ಡಿಫಾಲ್ಟ್ ಸುಧಾರಿಸಿತು, ಸಾಲು ಅಲ್ಲೇ ಉಳಿಯಿತು.

ಹೊಸ ಫೈಲ್‌ನಲ್ಲಿ ಈಗ ಇರುವುದು ಇಷ್ಟು: ಫೈಂಡ್_ಮಲ್ಟಿಪಾತ್ಸ್ ಸ್ಟ್ರಿಕ್ಟ್, ಫಾಸ್ಟ್_ಐಒ_ಫೇಲ್_ಟಿಎಂಒ 5, ಪ್ರೋಟೋಕಾಲ್ ಬ್ಲ್ಯಾಕ್‌ಲಿಸ್ಟ್ ಮತ್ತು ಅದರ ಎಕ್ಸೆಪ್ಷನ್, ಸ್ಟೋರೇಜ್‌ಗೆ ನೋ_ಪಾತ್_ರಿಟ್ರೈ 12, ಮತ್ತು ಪ್ರತಿ ಡಿಸ್ಕ್‌ಗೆ ಮಲ್ಟಿಪಾತ್ಸ್‌ನಲ್ಲಿ ಒಂದು ಅಲಿಯಾಸ್. ಅಲಿಯಾಸ್ ಯಾಕೆ ಅಂದರೆ ಎಂಪಾತ್‌ಎ, ಎಂಪಾತ್‌ಬಿ ಹೆಸರುಗಳನ್ನು ಪ್ರತಿ ಸರ್ವರ್ ತನ್ನ ಬೈಂಡಿಂಗ್ಸ್ ಫೈಲ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಒಂದರಲ್ಲಿ ಎಂಪಾತ್‌ಎ ಆದದ್ದು ಇನ್ನೊಂದರಲ್ಲಿ ಎಂಪಾತ್‌ಬಿ ಆಗಬಹುದು. ರಾತ್ರಿ ಹೊತ್ತು ಫೋನ್‌ನಲ್ಲಿ ಡಿಸ್ಕ್ ಹೆಸರು ಹೇಳುವಾಗ ಇದು ದೊಡ್ಡ ಅಪಾಯ. ಗುಂಪು ಮಾಡುವುದು, ಪ್ರಯಾರಿಟಿ, ಚೆಕರ್, ಫೇಲ್‌ಬ್ಯಾಕ್ ಬಗ್ಗೆ ಒಂದು ಸಾಲೂ ಇಲ್ಲ. ಅವನ್ನು ಸ್ಟೋರೇಜ್ ಪಟ್ಟಿ ಮತ್ತು ಡಿಟೆಕ್ಟ್ ನೋಡಿಕೊಳ್ಳುತ್ತವೆ.

ಹುಡುಗನಿಗೆ ಈ ಫೈಲ್ ಕೊಟ್ಟು, ಎರಡನೇ ಸರ್ವರ್ ಅವನ ಕೈಯಲ್ಲೇ ಮಾಡಿಸಿದೆ. ಕೇಬಲ್ ಕೀಳುವುದೂ ಅವನೇ.

ಬಾಕಿ ಇರುವುದು

ಡೆಬಿಯನ್ 13ಕ್ಕೆ ಹೋಗುವ ಕೆಲಸ ಇದೆ. ಅದಕ್ಕೆ ಮೊದಲು ಎರಡೂ ಸರ್ವರ್‌ಗಳಲ್ಲಿ "ಮಲ್ಟಿಪಾತ್ -ವಿ3" ಕೊಟ್ಟು, "ಸೆಟ್ಟಿಂಗ್:" ಸಾಲುಗಳನ್ನು ಒಂದು ಫೈಲ್‌ಗೆ ಹಾಕಿ ತೆಗೆದಿಟ್ಟಿದ್ದೇನೆ. ಅಪ್‌ಗ್ರೇಡ್ ಆದ ಮೇಲೆ ಮತ್ತೆ ತೆಗೆದು ಡಿಫ್ ಮಾಡುತ್ತೇನೆ. ಬೆಲೆ ಬದಲಾಗದೆ ಬ್ರಾಕೆಟ್ ಒಳಗಿನದು ಮಾತ್ರ ಬದಲಾಗಿದ್ದರೂ ಅದನ್ನು ಬರೆದಿಡಬೇಕು. ಲ್ಯಾಬ್‌ನ ಕೇಬಲ್‌ಗಳನ್ನು ಅಲ್ಲಿಯವರೆಗೆ ಬಿಚ್ಚುವುದಿಲ್ಲ.